ಕುಳಿಯೂ ನಾಲಿಗೆಯೂ

ಒಂದು ತೊಲೆಯ ತುದಿಯ ನಾಲಿಗೆ ಇನ್ನೊಂದರ ಕುಳಿಯೊಳಗೆ ಕೂರುವುದೇ ಬಡಗಿಯ ಕೀಲು. ಪ್ಯಾರಿಸಿನ ನೋತ್ರ್ ದಾಮ್ ಚರ್ಚಿನಲ್ಲಿ 2019ರ ಏಪ್ರಿಲ್ 15ರಂದು ಸುಟ್ಟುಹೋದ ಓಕ್ ಚಾವಣಿ ನಿಂತಿದ್ದು ಇಂಥ ಕೀಲುಗಳಿಂದ. ಮಧ್ಯಯುಗದ ಬಡಗಿ ತೊಲೆಗಳನ್ನು ಒಂದರ ಮೇಲೊಂದಿಟ್ಟು ಗೆರೆ ಎಳೆದು, ಪ್ರತಿ ಜೋಡಿಗೂ ಗುರುತು ಕೆತ್ತುತ್ತಿದ್ದ. ಈ ನಾಲಿಗೆ ಆ ಕುಳಿಗೆ ಮಾತ್ರ.

ಇಂದಿನ ಕಂಪ್ಯೂಟರ್ ನಕ್ಷೆಗೂ ಇದೇ ಪಾಠ. ಎರಡನ್ನೂ ಬೇರೆಬೇರೆಯಾಗಿ ಬರೆದರೆ, ನಾಲಿಗೆಯನ್ನು ದಪ್ಪ ಮಾಡಿದಾಗ ಕುಳಿ ಹಾಗೇ ಉಳಿದು ಜೋಡಣೆ ಕೆಡುತ್ತದೆ. ನಾಲಿಗೆಯ ಅಳತೆಗೆ ಕೂದಲೆಳೆಯಷ್ಟು ಸಡಿಲ ಸೇರಿಸಿ, ಅದರಿಂದಲೇ ಕುಳಿಯನ್ನು ಪಡೆಯಬೇಕು.

2014ರಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ಆ ಚಾವಣಿಯನ್ನು ಅಳೆದು ಬರೆದಿಟ್ಟಿದ್ದರು. ಬೆಂಕಿಯ ನಂತರ ಹೊಸ ತೊಲೆಗಳನ್ನು ಕೆತ್ತಲು ಅದು ನೆರವಾಯಿತು. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು. ಮರ ಸುಟ್ಟರೂ ಅಳತೆ ಉಳಿದಿತ್ತು.