ಕ್ಯಾಮೆರಾ ಕಂಡಿದ್ದನ್ನ ಯಾರು ನೋಡಿದ್ರು?



2025ರ ಜನವರಿ 16. ಹುಮನಾಬಾದ್‌ನವರು ಈ ದಿನವನ್ನ ಮರೆಯೋಕೆ ಸಾಧ್ಯವಿಲ್ಲ. ಪಕ್ಕದ ಬೀದರ್‌ನಲ್ಲಿ, ಹಾಡಹಗಲೇ, ಸ್ಟೇಟ್ ಬ್ಯಾಂಕ್ ಮುಂದೆ ಎಟಿಎಂಗೆ ತುಂಬುವ ಹಣ ದೋಚಿದರು. ಬಂದವರು ಇಬ್ಬರು, ಬೈಕ್ ಒಂದು. ಅವರ ಗುಂಡಿಗೆ, ಹಣ ತುಂಬುವ ಕೆಲಸಕ್ಕೆ ಬಂದಿದ್ದ ಬಡವನೊಬ್ಬ ಪ್ರಾಣ ಬಿಟ್ಟ. ಪೆಟ್ಟಿಗೆಯನ್ನ ಬೈಕ್ ಮೇಲಿಟ್ಟುಕೊಂಡು ಹೋದ ದೃಶ್ಯವನ್ನ ನಾವು ಹತ್ತಾರು ಸಲ ತೋರಿಸಿದೆವು, ನೀವೂ ನೋಡಿದಿರಿ. ಅದೇ ಸಂಜೆ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡಿನ ಸದ್ದು!

ಇಲ್ಲೇ ನನ್ನ ಪ್ರಶ್ನೆ. ಕ್ಯಾಮೆರಾ ಎಲ್ಲವನ್ನೂ ಕಂಡಿತ್ತು. ಆದರೆ ಆ ಹೊತ್ತಿಗೆ ಕ್ಯಾಮೆರಾವನ್ನ ನೋಡ್ತಿದ್ದವರು ಯಾರು?

ಹುಮನಾಬಾದ್ ಎಂಥಾ ಊರು ನೋಡಿ. ಪುಣೆ–ಹೈದರಾಬಾದ್ ಹೆದ್ದಾರಿ ಇಲ್ಲೇ ಹಾದು ಹೋಗುತ್ತೆ. ಬೀದರ್–ಕಲಬುರಗಿ ರಸ್ತೆ ಇಲ್ಲೇ ಕೂಡುತ್ತೆ. ಬಸವಕಲ್ಯಾಣ ದಾಟಿದರೆ ಮಹಾರಾಷ್ಟ್ರ, ಇತ್ತ ಹೋದರೆ ತೆಲಂಗಾಣ. ಕಳ್ಳನಿಗೆ ಗಡಿ ಅಂದ್ರೆ ಬರೀ ಒಂದು ಬೋರ್ಡು. ಪೊಲೀಸರಿಗೆ ಮಾತ್ರ ಅದು ಬೇರೆ ರಾಜ್ಯ, ಬೇರೆ ಕಂಟ್ರೋಲ್ ರೂಮು, ಬೇರೆ ಅಧಿಕಾರಿ. ಬೈಕ್ ನಂಬರು ಗಡಿಯಾಚೆಯ ಠಾಣೆಗೆ ನಿಮಿಷಗಳಲ್ಲಿ ತಲುಪದಿದ್ದರೆ ಎಷ್ಟು ಕ್ಯಾಮೆರಾ ಇದ್ದು ಏನು ಪ್ರಯೋಜನ?

ಕಾನೂನು ಇಲ್ಲ ಅಂತಲ್ಲ. ಜನ ಹೆಚ್ಚು ಸೇರುವ ಕಡೆ ಕ್ಯಾಮೆರಾ ಇರಲೇಬೇಕು, ದೃಶ್ಯಗಳನ್ನ 30 ದಿನ ಕಾಪಾಡಬೇಕು ಅಂತ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತೆ. ಆದರೆ ಉದ್ಘಾಟನೆಗೆ ಬರುವ ಜನಪ್ರತಿನಿಧಿಗಳು ರಿಪೇರಿಗೆ ಬರ್ತಾರಾ? ಕೆಟ್ಟ ಕ್ಯಾಮೆರಾ ಇಲ್ಲದ ಕ್ಯಾಮೆರಾಕ್ಕಿಂತ ಅಪಾಯ. ಅದು ಸುಳ್ಳು ಧೈರ್ಯ ಕೊಡುತ್ತೆ.

ಜನವರಿ ಅಂದ್ರೆ ಹುಮನಾಬಾದ್‌ನಲ್ಲಿ ವೀರಭದ್ರೇಶ್ವರ ಜಾತ್ರೆಯ ಕಾಲ. ಆ ಜನಜಂಗುಳಿಯಲ್ಲಿ ಮಗುವಿನ ಕೈ ತಪ್ಪಿದ ತಾಯಿಗೆ ಮರುದಿನದ ದೃಶ್ಯ ಬೇಡ, ಆ ಕ್ಷಣದ ಸಹಾಯ ಬೇಕು. ಅದಕ್ಕೆ ಪರದೆ ಮುಂದೆ ಕೂತ ಒಬ್ಬ ಸಿಬ್ಬಂದಿ ಬೇಕು, ಅವನ ಮಾತಿಗೆ ಓಡುವ ಇನ್ನೊಬ್ಬ ಬೇಕು. ನೀವು 112ಕ್ಕೆ ಕರೆ ಮಾಡಿದರೂ ಕೊನೆಗೆ ಬರಬೇಕಾದದ್ದು ಜೀಪು, ಜೀಪಿನೊಳಗಿನ ಮನುಷ್ಯ.

ಸರ್ಕಾರಕ್ಕೆ ನಾನು ಹೇಳೋದು ಇಷ್ಟೇ. ಎಷ್ಟು ಕ್ಯಾಮೆರಾ ಹಾಕಿದ್ರಿ ಅಂತ ಲೆಕ್ಕ ಕೊಡಬೇಡಿ. ಇವತ್ತು ಎಷ್ಟು ನಡೀತಿವೆ, ಎಷ್ಟನ್ನ ಯಾರು ನೋಡ್ತಿದ್ದಾರೆ, ಅದನ್ನ ಹೇಳಿ. ಕ್ಯಾಮೆರಾ ಸಾಕ್ಷಿ ಹೇಳುತ್ತೆ. ಕಾವಲು ಕಾಯಬೇಕಾದವರು ನೀವು.