ನಲವತ್ತೆರಡು ಸೇರಿನ ಅಜ್ಜಯ್ಯ



ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯ ಮನೆಗಳಲ್ಲಿ ಮದುವೆಗೋ ಸಾವಿನ ಬೊಜ್ಜಕ್ಕೋ ನಾಲ್ಕು ಜನ ನೆಂಟರು ಸೇರಿ, ಊಟ ಮುಗಿದು, ಎಲೆಯಡಿಕೆ ತಟ್ಟೆ ಜಗಲಿಗೆ ಬಂತೆಂದರೆ ಮಾತು ಮೆಲ್ಲಗೆ ಅಜ್ಜಯ್ಯನ ಕಡೆಗೆ ಹೊರಳುತ್ತದೆ. "ಅಜ್ಜಯ್ಯ ಇಪ್ಪತಿಗೆ ಅಂಗ್ಳದಂಗೆ ಮೂರ್ ತಿರಿ ಇದ್ದಿತ್" ಎಂದು ದೊಡ್ಡಪ್ಪ ಶುರು ಮಾಡುತ್ತಾರೆ. "ಇದ್ರೆ ಎಂತ? ಗೇಣಿಗೇ ಇಪ್ಪತ್ ಮುಡಿ ಹೋತಿತ್" ಎಂದು ಅತ್ತೆ ತಿದ್ದುತ್ತಾರೆ. "ಡಿಕ್ಲರೇಷನ್ ಆದ್ಮೇಲೆ ಎಲ್ಲ ಸಮ ಆಯ್ತ್" ಎಂದು ಮೂರನೆಯವರು ಮುಗಿಸುತ್ತಾರೆ. ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ತಿರಿ ಎಂದರೇನು, ಮುಡಿ ಎಂದರೆಷ್ಟು, ಆದ ಡಿಕ್ಲರೇಷನ್ ಯಾವುದು, ಒಂದೂ ಅವಳಿಗೆ ಹೊಳೆಯುವುದಿಲ್ಲ.

ಈ ಕರಾವಳಿಯ ಬೇಸಾಯಗಾರ ಅಜ್ಜಂದಿರಲ್ಲಿ ಡೈರಿ ಬರೆದವರು ಕಡಿಮೆ. ಮಕ್ಕಳ ಮೇಲಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದವರು ಇನ್ನೂ ಕಡಿಮೆ. ಅವರ ನೆನಪು ಉಳಿದಿರುವುದು ಅಳತೆಯ, ಸಲಕರಣೆಯ, ಕಾಗದಪತ್ರದ ನಾಲ್ಕಾರು ಮಾತುಗಳಲ್ಲಿ. ಆ ಮಾತುಗಳ ಗಂಟು ಬಿಚ್ಚಿದರೆ ಒಳಗೆ ಅಜ್ಜಯ್ಯ ಸಿಗುತ್ತಾರೆ.

ಮೊದಲಿಗೆ ಜಾಗ. ಬೈಂದೂರು ಮತ್ತು ಬ್ರಹ್ಮಾವರ ಬೇರೆ ತಾಲೂಕುಗಳಾಗಿ ಕೆಲಸ ಶುರುಮಾಡಿದ್ದು 2018ರಲ್ಲಿ. ಉಡುಪಿ ಜಿಲ್ಲೆಯೇ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮುಂಚಿನ ಅಜ್ಜಂದಿರಿಗೆ ಇದೆಲ್ಲ ದಕ್ಷಿಣ ಕನ್ನಡ, ಇನ್ನೂ ಹಿಂದಿನವರಿಗೆ ಮದರಾಸು ಪ್ರಾಂತ್ಯದ ಸೌತ್ ಕೆನರಾ. ಆದರೆ ಅಜ್ಜಯ್ಯನ ಮನಸ್ಸಿನಲ್ಲಿದ್ದ ನಕ್ಷೆಗೆ ಈ ಗಡಿಗಳ ಹಂಗಿರಲಿಲ್ಲ. ಅದರಲ್ಲಿ ಇದ್ದದ್ದು ಮೂರೇ ಬಗೆಯ ನೆಲ: ಬೆಟ್ಟು, ಮಜಲು, ಬೈಲು. ಎತ್ತರದ ಬೆಟ್ಟು ಗದ್ದೆಗೆ ಮಳೆಯೊಂದೇ ಗತಿ, ಅಲ್ಲಿ ಒಂದೇ ಬೆಳೆ. ನಡುವಿನ ಮಜಲಿನಲ್ಲಿ ಎರಡು ಬೆಳೆ ತೆಗೆಯಬಹುದು. ತಗ್ಗಿನ ಬೈಲಿನಲ್ಲಿ ನೀರಿನ ಅನುಕೂಲವಿದ್ದರೆ ಮೂರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಬರುವ ನೀರಿಗೆ ಬರವಿಲ್ಲ, ನಿಲ್ಲುವ ನೀರಿಗೆ ಬರ. ಎಲ್ಲಿ ಕಂಟ ಕಡಿದು ನೀರು ಬಿಡಬೇಕು, ಎಲ್ಲಿ ಮಣ್ಣು ಮೆತ್ತಿ ತಡೆಯಬೇಕು ಎಂಬುದೇ ಅಜ್ಜಯ್ಯನ ವಿದ್ಯೆ. ಗೊರಬು ಹೊದ್ದು, ಹೆಗಲ ಮೇಲೆ ಹಾರೆ ಇಟ್ಟು, ಆಷಾಢದ ಮಳೆಯಲ್ಲಿ ಕಂಟದ ಮೇಲೆ ನಡೆದುಹೋಗುವ ಬೆನ್ನು. ಎಷ್ಟೋ ಮೊಮ್ಮಕ್ಕಳಿಗೆ ನೆನಪಿರುವ ಅಜ್ಜಯ್ಯನ ಚಿತ್ರ ಅದು. ಮುಖಕ್ಕಿಂತ ಬೆನ್ನೇ ಹೆಚ್ಚು ನೆನಪು.

ಇನ್ನು ಮುಡಿ. ಭತ್ತದ ಹುಲ್ಲನ್ನು ವೃತ್ತಾಕಾರವಾಗಿ ಹರಡಿ, ನಡುವೆ ಅಕ್ಕಿ ಸುರಿದು, ಸುತ್ತಲಿನ ಹುಲ್ಲನ್ನು ಮೇಲಕ್ಕೆತ್ತಿ ಬಿಗಿದು, ಹುಲ್ಲಿನದೇ ಹಗ್ಗದಿಂದ ಸುತ್ತಿ ಸುತ್ತಿ ಕಟ್ಟಿದ ಗುಂಡನೆಯ ಗಂಟು ಅದು. ಕಟ್ಟುವಾಗ ಮರದ ಕೊಡತಿಯಿಂದ ಸುತ್ತಲೂ ಬಡಿಯುತ್ತಾರೆ. ಬಡಿದಷ್ಟೂ ಅಕ್ಕಿ ಕೂರುತ್ತದೆ, ಹಗ್ಗ ಬಿಗಿಯುತ್ತದೆ. ಚೆನ್ನಾಗಿ ಕಟ್ಟಿದ ಮುಡಿಯನ್ನು ಅಂಗಳದಲ್ಲಿ ಉರುಳಿಸಿದರೂ ಒಂದು ಕಾಳು ಉದುರುವುದಿಲ್ಲ. ಕುಚ್ಚಲಕ್ಕಿ ಅದರೊಳಗೆ ಮಳೆಗಾಲ ದಾಟಿಯೂ ಕೆಡದೆ ಇರುತ್ತದೆ. ಮುಡಿ ಕಟ್ಟುವುದು ಎಲ್ಲರ ಕೈಗೂ ಒಗ್ಗುವ ಕೆಲಸವಲ್ಲ. ಊರಿಗೆ ಒಬ್ಬಿಬ್ಬರು ಆ ಕಸುಬಿನಲ್ಲಿ ಪಳಗಿದವರಿರುತ್ತಿದ್ದರು, ಅವರು ಬರುವ ದಿನ ಮನೆಯ ಮಕ್ಕಳೆಲ್ಲ ಅಂಗಳದಲ್ಲಿ ಹಾಜರು.

ಲೆಕ್ಕಕ್ಕೆ ಬಂದರೆ ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಅಂದರೆ ನಲವತ್ತೆರಡು ಸೇರು. ಊರು ಬದಲಾದರೆ ಸೇರಿನ ಗಾತ್ರವೂ ಮುಡಿಯ ಲೆಕ್ಕವೂ ಅಷ್ಟಿಷ್ಟು ಬದಲಾಗುತ್ತಿತ್ತು. ಹಾಗಾಗಿ "ಯಾವ ಸೇರಿನಂಗೆ?" ಎಂದು ಕೇಳದೆ ಯಾವ ಅಜ್ಜನೂ ವ್ಯಾಪಾರಕ್ಕೆ ಇಳಿಯುತ್ತಿರಲಿಲ್ಲ. ಮುಡಿ ಅಕ್ಕಿಯ ಅಳತೆ ಮಾತ್ರವಲ್ಲ, ನೆಲದ ಅಳತೆಯೂ ಹೌದು. ಒಂದು ಮುಡಿ ಬೀಜ ಬಿತ್ತುವಷ್ಟು ಜಾಗವೇ ಒಂದು ಮುಡಿ ಗದ್ದೆ. ಎಕರೆ, ಸೆಂಟ್ಸು ಸರ್ಕಾರದ ಮಾತಾದರೆ ಅಜ್ಜಯ್ಯನ ಬಾಯಲ್ಲಿ ಕೊನೆಯವರೆಗೂ ಉಳಿದದ್ದು ಮುಡಿ.

ತಿರಿ ಇದರ ದೊಡ್ಡಣ್ಣ. ಕೊಯ್ಲಿನ ಭತ್ತವನ್ನು ಹಡಿಮಂಚಕ್ಕೆ ಬಡಿದು ಉದುರಿಸಿ, ಒಣಗಿಸಿ, ಅಂಗಳದ ಒಂದು ಮಗ್ಗುಲಲ್ಲಿ ಹುಲ್ಲು ಹಾಸಿದ ಅಡಿಪಾಯದ ಮೇಲೆ ಸುರಿಯುತ್ತಾರೆ. ಸುರಿದಂತೆಲ್ಲ ಹುಲ್ಲಿನ ದಪ್ಪ ಹಗ್ಗವನ್ನು ಸುತ್ತು ಮೇಲೆ ಸುತ್ತು ಏರಿಸುತ್ತ ಹೋಗುತ್ತಾರೆ. ಒಳಗೆ ಭತ್ತ ಏರುತ್ತದೆ, ಹೊರಗೆ ಗೋಡೆ ಏರುತ್ತದೆ. ಕೊನೆಗೆ ಹುಲ್ಲಿನ ಟೊಪ್ಪಿ ಇಟ್ಟರೆ ಮುಗಿಯಿತು. ಒಂದು ಮೊಳೆ ಇಲ್ಲ, ಒಂದು ಹಲಗೆ ಇಲ್ಲ. ದಾರಿಯಲ್ಲಿ ಹೋಗುವವರಿಗೆ ಒಂದು ಮನೆಯ ಸ್ಥಿತಿಗತಿ ತಿಳಿಯಲು ತಿರಿ ಎಷ್ಟಿದೆ, ಎಷ್ಟು ದೊಡ್ಡದಿದೆ ಎಂದು ನೋಡಿದರೆ ಸಾಕಿತ್ತು. ದೊಡ್ಡಪ್ಪ ಹೇಳಿದ ಮೂರು ತಿರಿಯ ಹಿಂದೆ ಆ ಹೆಮ್ಮೆ ಇದೆ.

ಈಗ ಮುಡಿಯನ್ನೂ ತಿರಿಯನ್ನೂ ಕಟ್ಟುವವರು ಯಾಕಿಲ್ಲ ಎಂದರೆ ಕೈ ಇಲ್ಲದ್ದು ಒಂದು ಕಾರಣ, ಹುಲ್ಲು ಇಲ್ಲದ್ದು ಇನ್ನೊಂದು. ಕಜೆಜಯ, ರಾಜಕಯಮೆಯಂಥ ಹಳೆಯ ತಳಿಗಳ ಕಾಲದಲ್ಲಿ ಕತ್ತಿಯಲ್ಲಿ ಕೊಯ್ದ ಹುಲ್ಲು ಇಡಿಯಾಗಿ ಕೈಗೆ ಸಿಗುತ್ತಿತ್ತು. ಕಟಾವು ಯಂತ್ರ ಗದ್ದೆಗಿಳಿದ ಮೇಲೆ ಹುಲ್ಲು ತುಂಡಾಗಿ, ನಲುಗಿ ಹಿಂದಿನಿಂದ ಉದುರುತ್ತದೆ. ಹಸುವಿಗೆ ಆದೀತು, ಹಗ್ಗಕ್ಕೆ ಆಗದು. ತಳಿಗಳೂ ಬದಲಾದವು. ಕೇರಳದಿಂದ ಬಂದ ಎಂಒ-4 ಇಲ್ಲಿನ ಗದ್ದೆಗಳನ್ನು ಬಹುಕಾಲ ಆಳಿತು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಸಹ್ಯಾದ್ರಿ ಕೆಂಪುಮುಕ್ತಿ ಈಗ ಅದರ ಜೊತೆಗೆ ನಿಂತಿದೆ.

ಅತ್ತೆ ಎತ್ತಿದ ಗೇಣಿಯ ಮಾತು ಸ್ವಲ್ಪ ಖಾರದ್ದು. ಇಲ್ಲಿ ಗದ್ದೆ ಉಳುವವರೆಲ್ಲ ಗದ್ದೆಯ ಒಡೆಯರಾಗಿರಲಿಲ್ಲ. ಮೂಲಗೇಣಿಯವರು ಗೊತ್ತಾದ ಗೇಣಿ ಕೊಟ್ಟುಕೊಂಡು ತಲೆತಲಾಂತರಕ್ಕೂ ಉಳಿಯಬಹುದಿತ್ತು. ಚಾಲಗೇಣಿಯವರಿಗೆ ಆ ಧೈರ್ಯವಿಲ್ಲ. ಒಡೆಯನ ಮನಸ್ಸು ಕೆಟ್ಟರೆ ಒಕ್ಕಲು ಎದ್ದು ಹೋಗಬೇಕು. ಗೇಣಿ ಸಲ್ಲುತ್ತಿದ್ದದ್ದು ಹೆಚ್ಚಾಗಿ ಅಕ್ಕಿಯಲ್ಲಿ, ಅದೂ ಮುಡಿ ಕಟ್ಟಿ. ಮಳೆ ಕೈಕೊಟ್ಟ ವರ್ಷ, ನೆರೆ ನಿಂತ ವರ್ಷ ಗೇಣಿ ಕೊಟ್ಟು ಉಳಿದದ್ದರಲ್ಲಿ ಮನೆಮಂದಿ ಗಂಜಿ ಕಾಣಬೇಕು. ಒಳ್ಳೆಯ ಅಕ್ಕಿ ಒಡೆಯನ ಮನೆಗೆ ಹೋಗಿ ನುಚ್ಚು ತಮ್ಮ ಮನೆಯಲ್ಲಿ ಉಳಿದ ಕಥೆಯನ್ನು ಹೇಳದ ಒಕ್ಕಲು ಮನೆ ಸಿಗುವುದು ಕಷ್ಟ.

1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರಲ್ಲಿ. ಅದಕ್ಕೆ ನಿಜವಾದ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಉಳುತ್ತಿದ್ದವರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ಹೇಳಿಕೆ ಕೊಟ್ಟು, ಹಕ್ಕು ಪಡೆಯಬೇಕಿತ್ತು. ಊರವರ ಬಾಯಲ್ಲಿ ಇದಿಷ್ಟೂ ಸೇರಿ ಆದ ಒಂದು ಪದ: ಡಿಕ್ಲರೇಷನ್. ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗ ಅಜ್ಜಯ್ಯನ ಕೈ ನಡುಗಿತ್ತು ಎಂದು ಕೆಲವು ಮನೆಗಳಲ್ಲಿ ಹೇಳುತ್ತಾರೆ. ಕಾಗದದ ಹೆದರಿಕೆ ಒಂದು. ಮೂರು ತಲೆಮಾರು ಉಪ್ಪು ತಿಂದ ಮನೆಯ ಎದುರು ನಿಲ್ಲಬೇಕಲ್ಲ ಎಂಬ ಸಂಕೋಚ ಇನ್ನೊಂದು. ಅದೇ ಊರಿನ ಇನ್ನೊಂದು ಜಗಲಿಯಲ್ಲಿ ಗೇಣಿಯನ್ನೇ ನಂಬಿಕೊಂಡಿದ್ದ ಸಣ್ಣ ಒಡೆಯರ ಮೊಮ್ಮಕ್ಕಳು ಇದೇ ಪದವನ್ನು ಬೇರೆ ದನಿಯಲ್ಲಿ ಉಚ್ಚರಿಸುತ್ತಾರೆ. ಪದ ಒಂದೇ, ಅಜ್ಜಂದಿರು ಇಬ್ಬರು.

ಅಜ್ಜ ಎಂದರೆ ಯಾರು ಎಂಬುದೂ ಇಲ್ಲಿ ಅಷ್ಟು ಸರಳವಲ್ಲ. ಅಳಿಯಸಂತಾನದ ಬಂಟ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿಯುತ್ತಿತ್ತು, ಮನೆಯ ಯಜಮಾನಿಕೆ ಹಿರಿಯ ಸೋದರಮಾವನದು. ಹಾಗಾಗಿ ಮನೆಯ ಕಥೆಗಳಲ್ಲಿ ಗತ್ತಿನಿಂದ ಓಡಾಡುವ 'ಅಜ್ಜಯ್ಯ' ಎಷ್ಟೋ ಸಲ ಅಜ್ಜಿಯ ಗಂಡನಲ್ಲ, ಅಜ್ಜಿಯ ಅಣ್ಣ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಹೆಣ್ಣಿನ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟ ಮೇಲೆ ಆ ದೊಡ್ಡ ಮನೆಗಳು ಒಡೆದವು. ಹೊರಗಿನವರು ಈ ಭಾಗದ ವಂಶವೃಕ್ಷ ಬರೆಯಲು ಕೂತು ತಲೆ ಕೆರೆದುಕೊಳ್ಳುವುದು ಇದರಿಂದಲೇ.

ಮಕ್ಕಳೆಲ್ಲ ಪೇಟೆಗೆ ಹೋಗಿ ಅಜ್ಜಯ್ಯ ಒಬ್ಬರೇ ಊರಿನಲ್ಲಿ ಉಳಿದದ್ದು ಹೇಗೆ? ಕೋಟದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಇಟ್ಟ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಆ ದಾರಿಯಲ್ಲಿ ಮುಂಬೈಗೆ, ಬೆಂಗಳೂರಿಗೆ ನಡೆದ ಹುಡುಗರ ಲೆಕ್ಕವಿಲ್ಲ. ಗಂಡುಮಕ್ಕಳು ಹೋಟೆಲಿಗೆ, ಅವರ ಮನಿಯಾರ್ಡರು ಊರಿಗೆ, ಗದ್ದೆ ಅಜ್ಜಯ್ಯನಿಗೆ. ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದು ಹಲಸಿನ ಹಣ್ಣು ತಿಂದು ಮಳೆ ಹಿಡಿಯುವ ಮೊದಲು ವಾಪಸು. ಹಾಗಾಗಿ ಅವರು ಕಂಡ ಅಜ್ಜಯ್ಯ ಹೆಚ್ಚಾಗಿ ಏಪ್ರಿಲ್-ಮೇ ತಿಂಗಳ ಅಜ್ಜಯ್ಯ.

ಈ ಹೋಗುವ, ಬರುವ ಕಥೆಯನ್ನು ದೊಡ್ಡದಾಗಿ ಹೇಳಿದವರು ಕೋಟದಲ್ಲೇ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು. ಅವರ 'ಮರಳಿ ಮಣ್ಣಿಗೆ' ಕಾದಂಬರಿಯ ಕೋಡಿ ಎಂಬ ಊರು ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಉಪ್ಪಿನ ಗಾಳಿ ಉಣ್ಣುವ ಗದ್ದೆಗಳಿರುವ ನೆಲ. ರಾಮ ಐತಾಳರು ಅಲ್ಲಿ ಪೌರೋಹಿತ್ಯದ ಜೊತೆ ಬೇಸಾಯ ನಡೆಸುತ್ತಾರೆ. ಮಗ ಲಚ್ಚ ಓದಲು ಹೋಗಿ ದಾರಿ ತಪ್ಪುತ್ತಾನೆ. ಮೊಮ್ಮಗ ರಾಮ ಮದರಾಸಿನಲ್ಲಿ ಓದಿ, ಅಲೆದು, ಕೊನೆಗೆ ಅದೇ ಮಣ್ಣಿಗೆ ಬರುತ್ತಾನೆ. ಅಜ್ಜನ ಹೆಸರು ಮೊಮ್ಮಗನಿಗೆ ಬಂದಿರುವುದನ್ನು ಗಮನಿಸಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಈ ಕಡೆ ಬಹಳ ಮನೆಗಳಲ್ಲಿತ್ತು. ಮನೆಯಲ್ಲಿ ಆ ಹುಡುಗನನ್ನು ಹೆಸರು ಹಿಡಿದು ಬೈಯಲು ಸೊಸೆಗೆ ಬಾಯಿ ಬರುತ್ತಿರಲಿಲ್ಲ, ಮಾವನ ಹೆಸರಲ್ಲವೇ! ಅದಕ್ಕೇ ಅವನಿಗೊಂದು ಅಡ್ಡಹೆಸರು.

ಅಜ್ಜಯ್ಯನ ಇನ್ನೊಂದು ವಿದ್ಯೆ ಮರದ ಗುರುತು. ಕರ್ಕಾಟಕ ಅಮಾವಾಸ್ಯೆಯ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಹಾಡಿಗೆ ಹೋಗಿ ಹಾಲೆ ಮರದ ಕೆತ್ತೆ ತಂದು, ಕಾಳುಮೆಣಸು ಬೆಳ್ಳುಳ್ಳಿ ಹಾಕಿ ಅರೆದು, ಆ ಕಹಿಯನ್ನು ಮನೆಯವರಿಗೆಲ್ಲ ಕುಡಿಸುವ ಪದ್ಧತಿ. ಕತ್ತಲೆಯಲ್ಲಿ ಮರ ತಪ್ಪಿದರೆ ಕಷಾಯ ವಿಷವಾದೀತು. ಆದ್ದರಿಂದ ಹಿಂದಿನ ದಿನ ಹಗಲಿನಲ್ಲೇ ಹೋಗಿ ಗುರುತು ಮಾಡಿ ಬರುತ್ತಿದ್ದರು. ಮೂಗು ಹಿಡಿದು ಕುಡಿಸಿದ ಆ ಕೈಯನ್ನು ಮೊಮ್ಮಕ್ಕಳು ಇಂದಿಗೂ ಬೈದುಕೊಂಡೇ ನೆನೆಯುತ್ತಾರೆ. 2019ರಿಂದ ಅದೇ ಅಮಾವಾಸ್ಯೆಯನ್ನು ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಆಚರಿಸುತ್ತಿರುವುದರಿಂದ, ದೂರದ ಊರುಗಳ ಸಭಾಂಗಣಗಳಲ್ಲೂ ಆವತ್ತು ಅಜ್ಜಯ್ಯನ ಮಾತು ಕೇಳಿಬರುತ್ತದೆ.

ಸಂಜೆಯ ಅಜ್ಜಯ್ಯ ರೇಡಿಯೊದ ಅಜ್ಜಯ್ಯ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ಕೃಷಿ ಕಾರ್ಯಕ್ರಮದ ಹೊತ್ತಿಗೆ ಜಗಲಿಯಲ್ಲಿ ಮಕ್ಕಳ ಗಲಾಟೆಗೆ ಕಡ್ಡಾಯ ರಜೆ. ರೇಡಿಯೊ ಹೇಳಿದ ಗೊಬ್ಬರದ ಪ್ರಮಾಣವನ್ನು ಕೇಳಿ, "ಇವ್ರ್ ಗದ್ದೆ ಕಂಡಿದ್ರಾ?" ಎಂದು ಗೊಣಗಿ, ಮರುದಿನ ಒಂದು ಮೂಲೆಯಲ್ಲಿ ಯಾರಿಗೂ ಹೇಳದೆ ಅದನ್ನೇ ಮಾಡಿ ನೋಡುವುದು.

ಕೊನೆಯದು ಹೊಸ್ತು. ನವರಾತ್ರಿಯ ಸುಮಾರಿಗೆ, ತೆನೆ ಹಣ್ಣಾಗುವ ಹೊತ್ತಿಗೆ, ಹೊಸ ಅಕ್ಕಿ ಉಣ್ಣುವ ಹಬ್ಬ. ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ ಬರುವಂತೆಯೇ ಇದೂ. ಮನೆಯ ಯಜಮಾನ ಬೆಳಿಗ್ಗೆ ಮಿಂದು ಗದ್ದೆಗೆ ಹೋಗಿ, ತೆನೆಗೆ ಹಾಲೆರೆದು, ಕೊಯ್ದು, ತಲೆಯ ಮೇಲೆ ಹೊತ್ತು ತರುತ್ತಾನೆ. ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆಯ ಜೊತೆ ಕದಿರನ್ನು ಸೇರಿಸಿ ಬಾಗಿಲಿಗೆ, ಕಂಬಕ್ಕೆ, ನೇಗಿಲಿಗೆ, ತೆಂಗಿನ ಮರಕ್ಕೆ ಕಟ್ಟುತ್ತಾರೆ. ಈಗ ಬೈಕಿಗೂ ಕಾರಿಗೂ ಒಂದೊಂದು. ಊಟಕ್ಕೆ ಕೂತಾಗ ಕಿರಿಯರು ಹಿರಿಯರಿಗೆ "ಹೊಸ್ತ್ ಉಣ್ತೆ" ಎಂದು ಹೇಳಿಯೇ ಎಲೆಗೆ ಕೈ ಹಾಕಬೇಕು.

ಎಷ್ಟೋ ಗದ್ದೆಗಳು ಈಗ ಬೇಸಾಯವಿಲ್ಲದೆ ಹಡಿಲು ಬಿದ್ದಿವೆ. ಉಡುಪಿ, ಬ್ರಹ್ಮಾವರದ ಕಡೆ 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಊರವರನ್ನು ಸೇರಿಸಿ ಹಡಿಲು ಭೂಮಿಯಲ್ಲಿ ಮತ್ತೆ ಭತ್ತ ಬೆಳೆಸಿದ್ದೂ ಉಂಟು. ಸ್ವಂತ ಗದ್ದೆ ಇಲ್ಲದವರು ದೇವಸ್ಥಾನದಿಂದಲೋ ನೆರೆಮನೆಯಿಂದಲೋ ನಾಲ್ಕು ಕದಿರು ತಂದು ಹೊಸ್ತು ಮಾಡುತ್ತಾರೆ. ಆ ಕದಿರಿನ ಕಾಳುಗಳನ್ನು ಉಗುರಿನಲ್ಲಿ ಸುಲಿದು ಪಾಯಸಕ್ಕೆ ಹಾಕುವುದು ಮಕ್ಕಳ ಕೆಲಸ. ಬೆಂಗಳೂರಿನ ಮೊಮ್ಮಗಳು ಚಾಪೆಯ ಮೇಲೆ ಕೂತು ಒಂದೊಂದೇ ಕೆಂಪು ಅಕ್ಕಿ ಬಿಡಿಸುತ್ತಾಳೆ. ಏಳನೆಯ ಕಾಳಿಗೆ ಉಗುರು ನೋಯುತ್ತದೆ. ಹೀಗೆ ಎಷ್ಟು ಕಾಳು ಸೇರಿದರೆ ಒಂದು ಮುಡಿ ಎಂದು ಕೇಳುತ್ತಾಳೆ. ದೊಡ್ಡಪ್ಪ ಕನ್ನಡಕ ತೆಗೆದು, ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೆರಳು ಮಡಚುತ್ತಾರೆ: "ಮೊದ್ಲ್ ಸೇರಿಗೆ ಎಷ್ಟ್ ಅಂತ ಕಾಂಬ. ಹದಿನಾಲ್ಕ್ ಸೇರಿಗೆ ಒಂದ್ ಕಳಸಿಗಿ..."

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ: "ಯಾವ ಸೇರಿನಂಗೆ?"