ಬಯಲಿನ ಬೀಗದ ಕೈ ಯಾರ ಹತ್ತಿರ?

ಪುಣೆಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಒಂದು ಊರಿನ ನಗರಸಭೆ ಬಗ್ಗೆ ಯಾಕೆ ಮಾತಾಡ್ಬೇಕು ಅಂತ ನೀವು ಕೇಳಬಹುದು. ಇಲ್ಲಿ ಒಂದು ಟೇಕಡಿಗೋ ಮೈದಾನಕ್ಕೋ ಕುತ್ತು ಬಂದಾಗ ನಾವು ಮಾಡೋದೇನು? ಸೊಸೈಟಿ ಗ್ರೂಪಿಗೆ ಒಂದು ಪಿಡಿಎಫ್ ಬರುತ್ತೆ, ‘ಹರಕತಿ-ಸೂಚನಾ’ ಕಳಿಸಿ ಅಂತ. ಕಳಿಸ್ತೀವಿ. ಅಲ್ಲಿಗೆ ನಮ್ಮ ಪಾತ್ರ ಮುಗೀತು. ಆ ಊರಲ್ಲಿ ಜನರ ಪಾತ್ರ ಅಲ್ಲಿಂದ ಶುರುವಾಗುತ್ತೆ. ಅದಕ್ಕೇ ಈ ಮಾತು.

ಊರಿನ ಹೆಸರು ವೆಂಚುರಾ. ಲಾಸ್ ಏಂಜಲಿಸ್‌ನಿಂದ ಸುಮಾರು 100 ಕಿ.ಮೀ. ದೂರ, ಕಡಲ ದಂಡೆ. ಸುತ್ತ ನಿಂಬೆ, ಬೆಣ್ಣೆಹಣ್ಣು, ಸ್ಟ್ರಾಬೆರಿ ತೋಟಗಳು. ದೊಡ್ಡ ನಗರ ಉಬ್ಬುತ್ತಾ ಬಂದ ಹಾಗೆ ಬಿಲ್ಡರ್‌ಗಳ ಕಣ್ಣು ಈ ತೋಟಗಳ ಮೇಲೆ ಬಿತ್ತು. ನಕಾಶೆಯಲ್ಲಿ ‘ಕೃಷಿ’ ಅಂತ ಇದ್ದದ್ದನ್ನ ‘ವಸತಿ’ ಅಂತ ಬದಲಿಸೋಕೆ ನಗರಸಭೆಯ ಏಳು ಜನರಲ್ಲಿ ನಾಲ್ಕು ಕೈ ಎದ್ದರೆ ಸಾಕಾಗಿತ್ತು. ಐದು ಸಭೆಗಳು ತೋಟ ಉಳಿಸಬಹುದು, ಆರನೆಯದು ಕಳೆದರೆ ಮುಗೀತು. ತೋಟ ವಾಪಸ್ ಬರಲ್ಲ.

1995ರ ನವೆಂಬರ್‌ನಲ್ಲಿ ಅಲ್ಲಿನ ಜನ ಮತ ಹಾಕಿ ಒಂದು ಕಾನೂನು ಮಾಡಿದರು. 2030ರ ತನಕ ಕೃಷಿ ಭೂಮಿಯ ಗುರುತು ಬದಲಿಸಬೇಕಾದರೆ ಮತದಾರರ ಒಪ್ಪಿಗೆ ಬೇಕು. ಇದಕ್ಕೆ ಸೋರ್ ಅಂತ ಹೆಸರು. ನಮ್ಮ ಕೆಲಸದವರಿಗೆ ಬೇಗ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಮೇನ್ ಬ್ರಾಂಚನ್ನ ಪ್ರೊಟೆಕ್ಟ್ ಮಾಡಿ, ಇಡೀ ಊರನ್ನೇ ರಿವ್ಯೂವರ್ ಮಾಡಿದ ಹಾಗೆ. 1998ರಲ್ಲಿ ಇಡೀ ವೆಂಚುರಾ ಕೌಂಟಿ ಇದೇ ದಾರಿ ಹಿಡಿಯಿತು. 2016ರಲ್ಲಿ ಜನ ಮತ್ತೆ ಮತ ಹಾಕಿ ಅವಧಿಯನ್ನ 2050ರ ತನಕ ಎಳೆದರು.

ನನಗೆ ಕುತೂಹಲ ಹುಟ್ಟಿಸಿದ್ದು ಮಾತ್ರ ಮತದಾನಕ್ಕಿಂತ ಮುಂಚಿನ ಹಂತ. ಕ್ಯಾಲಿಫೋರ್ನಿಯಾದ ಈಗಿನ ನಿಯಮ ನೋಡಿ. ಊರಿನ ನೋಂದಾಯಿತ ಮತದಾರರಲ್ಲಿ ನೂರಕ್ಕೆ 10 ಜನರ ಸಹಿ, 180 ದಿನದೊಳಗೆ. ಅಷ್ಟಾಗಿ, ಸಹಿಗಳು ಸರಿಯಿವೆ ಅಂತ ಆದರೆ ಅರ್ಜಿ ನಗರಸಭೆ ಮುಂದೆ ಬರುತ್ತೆ. ಆಗ ಸಭೆ ಅದನ್ನ ಇದ್ದ ಹಾಗೇ ಕಾನೂನು ಮಾಡಬಹುದು, ಇಲ್ಲಾ ಜನರ ಮತಕ್ಕೆ ಹಾಕಬಹುದು. ಅದಕ್ಕೂ ಮೊದಲು ಒಂದು ವರದಿ ತರಿಸಿಕೊಳ್ಳಬಹುದು: ಊರಿನ ಬೊಕ್ಕಸಕ್ಕೆ ಏನಾಗುತ್ತೆ, ಮನೆಗಳ ಸಂಖ್ಯೆಗೆ ಏನಾಗುತ್ತೆ ಅಂತ. ಆ ವರದಿಗೆ 30 ದಿನ. ವರದಿ ಬಂದ ಮೇಲೆ ತೀರ್ಮಾನಕ್ಕೆ 10 ದಿನ. ‘ಪರಿಶೀಲನೆಯಲ್ಲಿದೆ’ ಅನ್ನೋ ಖಾನೆಯೇ ಇಲ್ಲ! ಅರ್ಜಿಯ ಒಂದು ಅಲ್ಪವಿರಾಮ ಕೂಡ ಸಭೆ ತಿದ್ದೋ ಹಾಗಿಲ್ಲ. ಇನ್ನೊಂದು ಗಮ್ಮತ್ತು: ಜನರ ಮತಕ್ಕೆ ಹೋಗದೆ ಸಭೆಯೇ ಒಪ್ಪಿದರೂ, ಆ ಕಾನೂನಿನಲ್ಲೇ ಬೇರೆ ದಾರಿ ಬರೆದಿಲ್ಲದಿದ್ದರೆ, ಮುಂದಿನ ಸಭೆ ಅದನ್ನ ರದ್ದು ಮಾಡೋಕಾಗಲ್ಲ. ರದ್ದತಿಗೂ ಜನರ ಮತವೇ ಬೇಕು.

ನಗರ ಯೋಜನೆ ಅಂದ್ರೆ ತಜ್ಞರ ಕೆಲಸ, ಅದನ್ನ ಮತಪೆಟ್ಟಿಗೆಗೆ ಹಾಕಬಾರದು ಅನ್ನೋ ವಾದ ಅಲ್ಲೂ ಇತ್ತು. ನಾಪಾ ಕೌಂಟಿಯ ಇಂಥದ್ದೇ ಕಾನೂನಿನ ಮೇಲೆ ಕೇಸು ನಡೆದು, 1995ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಜನರ ಪರ ತೀರ್ಪು ಕೊಟ್ಟಿತು.

ಇನ್ನೊಂದು ಆಕ್ಷೇಪ ಇದೆ, ಅದು ನನ್ನನ್ನ ನಿಜವಾಗಿ ಕಾಡುತ್ತೆ. ಬಯಲು ಮುಚ್ಚಿದರೆ ಹೊಸ ಮನೆ ಎಲ್ಲಿ? ಮತ ಹಾಕೋರು ಈಗಾಗಲೇ ಅಲ್ಲಿ ಮನೆ ಮಾಡಿಕೊಂಡವರು. ಮುಂದಿನ ವರ್ಷ ಕೆಲಸ ಹುಡುಕ್ಕೊಂಡು ಬರೋನಿಗೆ ಅಲ್ಲಿ ವೋಟಿಲ್ಲ. ಬೇರೆ ಊರಿಂದ ಬಂದು ಬಾಡಿಗೆ ಕಟ್ಟೋ ನಾನು ಈ ಮಾತನ್ನ ಸುಮ್ನೆ ತಳ್ಳಿಹಾಕೋಕಾಗಲ್ಲ, ನಮ್ಮಲ್ಲಿ ಬಹಳ ಜನ ಹಾಗೇ ಬಂದವರಲ್ವಾ? ಊರ ಗಡಿಯೊಳಗೆ ಎತ್ತರಕ್ಕೆ ಕಟ್ಟಿ ಅನ್ನೋದು ಸೋರ್‌ನವರ ಉತ್ತರ. ಹೊರಗೆ ತೋಟಕ್ಕೆ ಬೀಗ ಹಾಕಿ, ಒಳಗೆ ನಾಲ್ಕು ಮಹಡಿಗೂ ತಕರಾರು ತೆಗೆದರೆ ಅದು ಪರಿಸರಪ್ರೇಮ ಅಲ್ಲ, ಬೇಲಿ. ಆದರೂ ಬೀಗ ಇರಲಿ ಅಂತಲೇ ನಾನು ಹೇಳೋದು. ಕಟ್ಟಡವನ್ನ ಇನ್ನೂ ಎರಡು ಮಹಡಿ ಏರಿಸಬಹುದು, ಹೋದ ಬಯಲನ್ನ ಯಾವ ರೋಲ್‌ಬ್ಯಾಕೂ ತರಲ್ಲ.

ನಮ್ಮ ಕಡೆಗೆ ಬನ್ನಿ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು, ಮುಖ್ಯಮಂತ್ರಿಯ ಸೂಚನೆ ಮೇರೆಗೆ. ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಅಕ್ರಮ ಅಂತ ಹೇಳಿತು. ಗೆದ್ದರು ನಿಜ, ಆದರೆ ದೆಹಲಿ ತನಕ ಹೋಗಬೇಕಾಯ್ತು.

ಮಹಾರಾಷ್ಟ್ರದಲ್ಲಿ 1966ರ ನಗರ ಯೋಜನಾ ಕಾಯ್ದೆಯ 37ನೇ ಕಲಮು ನೋಟಿಸ್ ಕೊಟ್ಟು ಒಂದು ತಿಂಗಳೊಳಗೆ ಆಕ್ಷೇಪಣೆ ಕೇಳುತ್ತೆ. ಕೊನೆಯ ಸಹಿ ರಾಜ್ಯ ಸರ್ಕಾರದ್ದು. ಪುಣೆಯಲ್ಲಂತೂ 2022ರ ಮಾರ್ಚ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಕಾರ್ಪೊರೇಟರ್‌ಗಳೇ ಇರಲಿಲ್ಲ, ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲ ಇತ್ತು. ಮತಕ್ಕೆ ಹಾಕೋದು ಹಾಗಿರಲಿ, ಚರ್ಚೆ ಮಾಡೋಕೆ ಸಭೆಯೇ ಇರಲಿಲ್ಲ.

ಸಹಿ ಸಂಗ್ರಹದಿಂದ ಕಾನೂನು ಮಾಡೋ ದಾರಿ ನಮ್ಮ ಪಾಲಿಕೆ ಕಾಯ್ದೆಗಳಲ್ಲಿ ಇಲ್ಲ. ನಾಳೆಯೇ ಬರುತ್ತೆ ಅಂತಾನೂ ನಾನು ನಂಬಲ್ಲ. ಆದರೆ ಅಲ್ಲಿನ ಆ 30 ದಿನ, 10 ದಿನದ ಗಡುವನ್ನ ನಮ್ಮ ಹರಕತಿಗೂ ಕೇಳಬಹುದು: ಪ್ರತಿ ಆಕ್ಷೇಪಣೆಗೆ ಒಂದು ನಂಬರು, ಲಿಖಿತ ಉತ್ತರ, ಇಂಥ ತಾರೀಖಿನೊಳಗೆ. ಈ ಸಲ ನಿಮ್ಮ ವಾರ್ಡಿನ ಕಾರ್ಪೊರೇಟರ್ ಸಿಕ್ಕಿದರೆ ಇದೊಂದನ್ನ ಕೇಳಿ ನೋಡಿ. ಏನಂದ್ರು ಅಂತ ನಮಗೂ ತಿಳಿಸಿ.